ಸ್ಲೋ ಗಾಡಿನೇ ಮುಂದಿರ್ಬೇಕು: ಬಳ್ಳಾರಿಯಿಂದ ಸಾಣಾಪುರಕ್ಕ ನಮ್ ಹಳೇ ಜಪಾನ್ ಕಾರ್ ಸವಾರಿ
ಹಳೇ ಜಪಾನ್ ಕಾರ್ ಅಂದ್ರ ಸ್ಕೈಲೈನು, ಡಾಟ್ಸನ್ನು ಅಂತ ಫೋಟೋದಾಗ ನೋಡಿದೋರು ನಮ್ ಬಳ್ಳಾರಿ ಗುಂಪು ನೋಡಿದ್ರ ನಗ್ತಾರ, ನಮ್ ಕಡೆ ಇರೋದು ಎರಡು ಮಾರುತಿ 800, ಒಂದು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ) ಇರೋ ಝೆನ್, ಎಸ್ಟೀಮ್, ಜಿಪ್ಸಿ, ಒಂದು ಮಿತ್ಸುಬಿಷಿ ಲ್ಯಾನ್ಸರ್, ಅಷ್ಟ. 800 ನಮ್ ದೇಶದ್ದಲ್ಲೇನ್ರೀ ಅಂದ್ರ ನಾನು ಬಾನೆಟ್ ಎತ್ತಿ ತೋರಿಸ್ತೀನಿ, ಒಳಗಿರೋದು ಸುಜುಕಿಯ 796 ಸಿಸಿ ಮೂರು ಸಿಲಿಂಡರ್ ಇಂಜಿನ್ನು, 1983ರಾಗ ಬಂದ ಮೊದಲ್ನೇ ಗಾಡಿಗಳನ್ನ ಜಪಾನಿನಿಂದ ಕಿಟ್ ತರಿಸಿನೇ ಜೋಡಿಸಿದ್ದು.

ಸಾಣಾಪುರ ಕೆರಿಗೆ ಹೋಗಾಕ ಮೊದಲ್ನೇ ಸಲ ಮೇ ತಿಂಗಳಾಗ ಹೊಸಪೇಟೆ ಹೈವೇ ಹಿಡಿದ್ವಿ, ಅದೇ ದೊಡ್ಡ ತಪ್ಪು. ಲ್ಯಾನ್ಸರ್ ಮುಂದ, ಅದು ಕುಡತಿನಿ ದಾಟೋದ್ರಾಗ ನೂರು ಮುಟ್ಟೈತಿ, 800 ಎರಡೂ ಅದಿರು ಲಾರಿ ಹಿಂದ ಕೆಂಪು ಧೂಳು ಕುಡ್ಕೋಂತ ನಿಂತಾವ, ಅರ್ಧ ಮಂದಿ ತುಂಗಭದ್ರಾ ಡ್ಯಾಮ್ ಹತ್ರ, ಅರ್ಧ ಮಂದಿ ತೋರಣಗಲ್ಲಾಗ, ಎಲ್ರೂ ಫೋನ್‌ನ್ಯಾಗ ಜಗಳ.

ಎರಡ್ನೇ ಸಲ ಡಿಸೆಂಬರ್‌ನ್ಯಾಗ ಕುರುಗೋಡು, ಕಂಪ್ಲಿ, ಗಂಗಾವತಿ ಮ್ಯಾಲೆ ಹೋದ್ವಿ. ಮಳೆಗಾಲದಾಗ ಡ್ಯಾಮಿಂದ ನೀರು ಜಾಸ್ತಿ ಬಿಟ್ರ ಕಂಪ್ಲಿ ಸೇತುವೆ ಮುಳುಗತೈತಿ, ಅದಕ್ಕ ಆ ತಿಂಗಳು. ರೂಲ್ ಎರಡೇ ಮಾಡಿದ್ವಿ: ಎಲ್ಲಕ್ಕಿಂತ ನಿಧಾನ ಹೋಗೋ 800 ಮುಂದ, ಲ್ಯಾನ್ಸರ್ ಕಟ್ಟಕಡೀಗೆ, 60 ದಾಟಂಗಿಲ್ಲ. ಮತ್ತ ಯಾರೂ ಮುಂದಿನ ಗಾಡಿ ಹಿಂದ ಓಡೋದು ಬ್ಯಾಡ, ಮಿರರ್‌ನ್ಯಾಗ ಹಿಂದಿನೋನು ಕಾಣ್ತಾನಿಲ್ಲೋ ನೋಡ್ರಿ, ತಿರುವು ಬಂದ್ರ ಅವ್ನು ಕಾಣೋ ತನಕ ನಿಲ್ರಿ. ಲೈವ್ ಲೊಕೇಶನ್‌ಗಿಂತ ಇದೇ ಚಲೋ ಕೆಲ್ಸ ಮಾಡ್ತು ನೋಡ್ರಿ, ಯಾಕಂದ್ರ ನಡುವ ನೆಟ್‌ವರ್ಕ್ ಹೋಯ್ತು.

ಪೇಪರ್ ಮೊದ್ಲೇ ನೋಡಿದ್ದೆ. 15 ವರ್ಷ ಆದ್ಮ್ಯಾಲೆ ಆರ್‌ಸಿ ಐದೈದು ವರ್ಷಕ್ಕ ರಿನ್ಯೂ ಆಗ್ಬೇಕು, ಎಸ್ಟೀಮಿಂದು ಮುಗಿದಿತ್ತು, ಆ ಗಾಡಿ ಬಿಟ್ಟು ಅದರ ಓನರ್‌ನ ಜಿಪ್ಸಿ ಹಿಂದಿನ ಸೀಟಿಗೆ ಹಾಕಿದ್ವಿ. ಬೇಜಾರಾದ, ಕುರುಗೋಡಾಗ ಒಗ್ಗಾಣಿ ಮಿರ್ಚಿ ತಿಂದ ಮ್ಯಾಲೆ ಸರಿಯಾದ.

ಕಂಪ್ಲಿ ಹತ್ರ ಹುಲ್ಲಿನ ಟ್ರ್ಯಾಕ್ಟರ್ ಹಿಂದ ಅರ್ಧ ತಾಸು ಫಸ್ಟ್ ಗೇರಾಗ ತೆವಳಿದ್ವಿ, ಸೇತುವೆ ದಾಟಿದ್ದೇ ತಡ ನನ್ನ 800 ಕೆಮ್ಮಿ ಬಂದ್ ಬಿತ್ತು. ಸೆಲ್ಫ್ ಹೊಡದ್ರ ತಿರಗತೈತಿ, ಹಿಡಿಯಂಗಿಲ್ಲ. ಇಂಜಿನ್ ಕಾವಿಗೆ ಪೆಟ್ರೋಲು ಪಂಪಿನಾಗ ಆವಿ ಆಗಿ ಕಾರ್ಬುರೇಟರಿಗೆ ಏರ್ತಿರ್ಲಿಲ್ಲ. ಝೆನ್ ಹುಡುಗ ಬಾಟ್ಲಿ ನೀರಾಗ ವಲ್ಲಿ ಅದ್ದಿ ಹಿಂಡಿ, ಇಂಜಿನ್ ಹೆಡ್ಡಿಗೆ ಅಂಟಿಕೊಂಡಿರೋ ಆ ಸಣ್ಣ ಫ್ಯೂಯಲ್ ಪಂಪಿಗೆ ಸುತ್ತಿದ, ಸರ್ರ್ ಅಂತ ಹಬೆ ಬಂತು, ಒಣಗಿದಂಗೆಲ್ಲ ಮತ್ತ ಅದ್ದಿದ. ಹತ್ತು ನಿಮಿಷ ಬಿಟ್ಟು ಹೊಡದ್ರ ಒಂದೇ ಸೆಲ್ಫಿಗೆ ಸ್ಟಾರ್ಟು. ನಾನು ಸ್ಪೇರ್ ಅಂತ ಫ್ಯಾನ್ ಬೆಲ್ಟು, ಕಾಯಿಲು, ಕಂಡೆನ್ಸರು, ಫ್ಯೂಸು ಎಲ್ಲಾ ತಂದಿದ್ದೆ, ಉಪಯೋಗಕ್ಕ ಬಂದಿದ್ದು ಅವ್ನ ವಲ್ಲಿ.

ಸಾಣಾಪುರ ಕೆರಿ ದಂಡಿಗೆ ಐದೂ ಗಾಡಿ ಒಟ್ಟಿಗೇ ಮುಟ್ಟಿದ್ವಿ. ಲ್ಯಾನ್ಸರ್‌ನೋನು ಇಳಿದವ್ನೇ ಬೈಯಾಕ ಶುರು, ನಿಮ್ ಹಿಂದ ಬಂದು ಬಂದು ನನಗ ನಾಲ್ಕ್ನೇ ಗೇರು ಮರ್ತೇ ಹೋತು ಅಂತ. ವಾಪಸ್ ಬರುವಾಗ ಬೇಕಿದ್ರ ಮುಂದ ಹೋಗೋ ಅಂದ್ವಿ, ಬ್ಯಾಡ ನಿಮ್ ಡಬ್ಬಿಗಳ್ನ ಯಾರು ಕಾಯ್ಬೇಕು ಅಂದು ಹಿಂದೇ ನಿಂತ.