ಸಹಿಯಷ್ಟೇ ಬರುತ್ತಿದ್ದ ರೈತನನ್ನು ಕಡತಗಳಲ್ಲಿ ಹುಡುಕಿದ ಬಗೆ: ನನ್ನ ಅನುಭವ

ಥಾಮಸ್ ಲಿಂಕನ್‌ಗೆ ಬರವಣಿಗೆ ಎಂದರೆ ತಡವರಿಸುತ್ತ ತನ್ನ ಹೆಸರು ಗೀಚುವುದಷ್ಟೇ. ಹಾಗೆಂದು ಬರೆದಿಟ್ಟವನು ಮಗ ಅಬ್ರಹಾಂ ಲಿಂಕನ್. ಮಗನ ಜೀವನಚರಿತ್ರೆಗಳಲ್ಲಿ ಅಪ್ಪ ಸೋಮಾರಿ, ಅಲೆಮಾರಿ. ಆದರೆ ಈ ಕೆಂಟಕಿ ರೈತ ತೆರಿಗೆ ಕಟ್ಟಿದ್ದಾನೆ, ಜಮೀನು ಕೊಂಡಿದ್ದಾನೆ, ಮಾರಿದ್ದಾನೆ, ಜ್ಯೂರಿಯಲ್ಲಿ ಕೂತಿದ್ದಾನೆ, ಊರ ರಸ್ತೆಯ ಹೊಣೆ ಹೊತ್ತಿದ್ದಾನೆ. ಇವೆಲ್ಲ ಕೌಂಟಿ (ಅಮೆರಿಕದಲ್ಲಿ ನಮ್ಮ ಜಿಲ್ಲೆಯಂಥದ್ದು) ಪುಸ್ತಕಗಳಲ್ಲಿವೆ. ಚರಿತ್ರೆಗಳನ್ನು ಬದಿಗಿಟ್ಟು ನಾನು ಶುರುಮಾಡುವುದು ಅಲ್ಲಿಂದಲೇ.

ಮೊದಲು ಕೌಂಟಿ ಯಾವುದೆಂದು ಗಟ್ಟಿಮಾಡಿಕೊಳ್ಳಬೇಕು. ಅಬ್ರಹಾಂ ಹುಟ್ಟಿದ ಜಾಗ ಇಂದು ಲರೂ ಕೌಂಟಿಯಲ್ಲಿದೆ. ಆ ಕೌಂಟಿ ಹುಟ್ಟಿದ್ದೇ 1843ರಲ್ಲಿ. ಅದಕ್ಕೂ ಹಿಂದಿನ ಕಾಗದಗಳನ್ನು ಹಾರ್ಡಿನ್ ಕೌಂಟಿಯಲ್ಲಿ ಹುಡುಕಬೇಕು. ಥಾಮಸ್ ಕೆಂಟಕಿ ಬಿಟ್ಟು ಹೋದ ಇಂಡಿಯಾನಾದಲ್ಲೂ ಇದೇ ಕಥೆ: ಸ್ಪೆನ್ಸರ್ ಕೌಂಟಿಯ ರೈತ ಎಂದು ಎಲ್ಲರೂ ಹೇಳುತ್ತಾರೆ, ಅವನು ಅಲ್ಲಿಗೆ ಬಂದಾಗ ಅದು ಪೆರಿ ಕೌಂಟಿ. ಸ್ಪೆನ್ಸರ್ ಆದದ್ದು 1818ರಲ್ಲಿ.

ನಂತರ ತೆರಿಗೆ ಪಟ್ಟಿ. ಜನಗಣತಿ ಹತ್ತು ವರ್ಷಕ್ಕೊಮ್ಮೆ, ಅದೂ 1840ರವರೆಗೆ ಮನೆಯ ಯಜಮಾನನ ಹೆಸರನ್ನಷ್ಟೇ ಕೊಡುತ್ತದೆ. ಕೆಂಟಕಿಯ ತೆರಿಗೆ ಪಟ್ಟಿ ವರ್ಷವರ್ಷವೂ ಬರುತ್ತದೆ: ಎಕರೆ ಎಷ್ಟು, ಭೂಮಿ ಯಾವ ದರ್ಜೆಯದು, ಕುದುರೆ ಎಷ್ಟು. ಒಂದೇ ವರ್ಷದ ಸಾಲು ನೋಡಿ ಏನನ್ನೂ ತೀರ್ಮಾನಿಸಬಾರದು. ವರ್ಷಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ಎಕರೆ ಏರಿದ್ದು, ಇಳಿದದ್ದು ತಾನಾಗಿ ಕಾಣುತ್ತದೆ. ಹಾಗೆಯೇ ಒಬ್ಬನ ಸಾಲನ್ನು ನೆರೆಯವರ ಸಾಲುಗಳ ಪಕ್ಕದಲ್ಲಿಟ್ಟೇ ಓದಬೇಕು. 1814ರ ಪಟ್ಟಿಯಲ್ಲಿ 98 ಆಸ್ತಿದಾರರ ನಡುವೆ ಥಾಮಸ್‌ನದು 15ನೇ ಸ್ಥಾನ. ಸೋಮಾರಿ ಎಂಬ ಮಾತನ್ನು ಅಲ್ಲಿಗೇ ಕೈಬಿಟ್ಟೆ.

ಹೆಚ್ಚು ಹೊತ್ತು ಹಿಡಿಯುವುದು ಜಮೀನು. ಕೆಂಟಕಿಯಲ್ಲಿ ಸರ್ಕಾರ ಮೊದಲೇ ಅಳೆದು ಚೌಕ ಕತ್ತರಿಸಿಟ್ಟ ಸರ್ವೆ ಇರಲಿಲ್ಲ. ‘ಈ ಓಕ್ ಮರದಿಂದ ಆ ಹೊಳೆಯ ಕವಲಿನವರೆಗೆ’ ಎಂಬಂಥ ಚಕ್ಕುಬಂದಿ. ಮರ ಬಿದ್ದರೆ ಗಡಿಯೂ ಹೋಯಿತು. ಒಂದರ ಮೇಲೊಂದು ಹಕ್ಕು ಬೀಳುತ್ತಿದ್ದದ್ದು ಇದರಿಂದಲೇ. ಥಾಮಸ್ 1803ರಲ್ಲಿ ಮಿಲ್ ಕ್ರೀಕ್ ಬಳಿ 238 ಎಕರೆಯನ್ನು 118 ಪೌಂಡಿಗೆ ಕೊಂಡ. 1814ರಲ್ಲಿ ಮಾರುವಾಗ ಅದು 200 ಎಕರೆ, ಸಿಕ್ಕಿದ್ದು 100 ಪೌಂಡ್. ಇಲ್ಲಿ ಹೊಸಬರು ಎಡವುವುದು ಪೌಂಡಿನ ಲೆಕ್ಕದಲ್ಲಿ. ಇದು ಲಂಡನ್ನಿನ ಪೌಂಡ್ ಅಲ್ಲ. ಈ ಸೀಮೆಯ ಲೆಕ್ಕದಲ್ಲಿ 6 ಶಿಲಿಂಗಿಗೆ ಒಂದು ಡಾಲರ್, ಅಂದರೆ ಪೌಂಡಿಗೆ 3.33 ಡಾಲರ್. 118 ಪೌಂಡ್ ಸುಮಾರು 393 ಡಾಲರ್ ಆಗುತ್ತದೆ. 1808ರಲ್ಲಿ 200 ಡಾಲರ್ ಕೊಟ್ಟು ಕೊಂಡ ಸಿಂಕಿಂಗ್ ಸ್ಪ್ರಿಂಗ್ ಜಮೀನು ಹಿಂದಿನವರ ಬಾಕಿಯ ವ್ಯಾಜ್ಯದಲ್ಲಿ ಕೈತಪ್ಪಿತು. ಆಮೇಲೆ ನೆಲೆಸಿದ ನಾಬ್ ಕ್ರೀಕ್‌ನಲ್ಲಿ ಒಕ್ಕಲೆಬ್ಬಿಸುವ ದಾವೆ ಬಿತ್ತು. ಅದು ಅವನ ಪರವಾಗಿ ತೀರ್ಮಾನವಾದದ್ದು 1818ರಲ್ಲಿ, ಅಷ್ಟರಲ್ಲಿ ಅವನು ಊರು ಬಿಟ್ಟಾಗಿತ್ತು. ಕ್ರಯಪತ್ರಗಳನ್ನಷ್ಟೇ ನೋಡಿದರೆ ಇದು ಅಲೆದಾಟದಂತೆ ಕಾಣುತ್ತದೆ. ದಾವೆಯ ಕಟ್ಟುಗಳನ್ನೂ ತೆರೆದಾಗ ಕಾರಣ ಸಿಗುತ್ತದೆ.

ಇಂಡಿಯಾನಾದಲ್ಲಿ ಕೆಲಸ ಹಗುರ. 6 ಮೈಲಿ ಚೌಕದ ಟೌನ್‌ಶಿಪ್, ಅದರೊಳಗೆ 640 ಎಕರೆಯ 36 ಸೆಕ್ಷನ್. ಅಳೆದದ್ದು 66 ಅಡಿಯ ಗುಂಟರ್ ಸರಪಳಿಯಲ್ಲಿ. ನಮ್ಮ ಸರ್ವೆಯ 33 ಅಡಿ ಸರಪಳಿ ಅದರ ಅರ್ಧ. 33 ಅಡಿ ಚೌಕವೇ ಒಂದು ಗುಂಟೆ, 40 ಗುಂಟೆಗೆ ಎಕರೆ. ಹಾಗಾಗಿ ಪಹಣಿ ಓದಿ ಬಲ್ಲವರಿಗೆ ಈ ಲೆಕ್ಕ ಹೊಸದಲ್ಲ. ಥಾಮಸ್ ವಿನ್ಸೆನ್ಸ್ ಭೂಕಚೇರಿಯಲ್ಲಿ 1817ರ ಅಕ್ಟೋಬರ್ 15ರಂದು 32ನೇ ಸೆಕ್ಷನ್ನಿನ ನೈಋತ್ಯ ಕಾಲುಭಾಗ ಹಿಡಿದ: 160 ಎಕರೆ, ಎಕರೆಗೆ 2 ಡಾಲರ್, ಕಂತಿನ ಮೇಲೆ. ಮೊದಲು 16, ಡಿಸೆಂಬರಿನಲ್ಲಿ 64, ಒಟ್ಟು 80 ಡಾಲರ್, ಎಂದರೆ ಬೆಲೆಯ ಕಾಲುಭಾಗ. ಉಳಿದದ್ದು ಬಾಕಿ ಬಿತ್ತು. ಕೊನೆಗೆ ಪೂರ್ವದ 80 ಎಕರೆ ಬಿಟ್ಟುಕೊಟ್ಟ. ಪಶ್ಚಿಮದ 80ಕ್ಕೆ ಹಕ್ಕುಪತ್ರ ಬಂದದ್ದು 1827ರ ಜೂನ್ 6ರಂದು. ಹಕ್ಕುಪತ್ರದ ತಾರೀಖು ನೋಡಿ ‘1827ರಲ್ಲಿ ಬಂದು ನೆಲೆಸಿದ’ ಎಂದು ಬರೆದರೆ ಹತ್ತು ವರ್ಷವೇ ತಪ್ಪಿದಂತೆ. ಇಂಥ ಫೆಡರಲ್ ಹಕ್ಕುಪತ್ರಗಳು ಈಗ ಭೂನಿರ್ವಹಣಾ ಬ್ಯೂರೋದ ತಾಣದಲ್ಲಿ ಉಚಿತ. ಕೆಂಟಕಿಯ ಮೊದಲ ಮಂಜೂರಾತಿಗಳು ಅಲ್ಲಿರುವುದಿಲ್ಲ, ಏಕೆಂದರೆ ಅಲ್ಲಿಯ ಭೂಮಿ ಫೆಡರಲ್ ಸರ್ಕಾರದ್ದಾಗಿರಲಿಲ್ಲ.

ಊರ ಅಧಿಕಾರದ ಸುಳಿವು ಸಿಗುವುದು ಕೌಂಟಿ ಕೋರ್ಟಿನ ಆದೇಶ ಪುಸ್ತಕದಲ್ಲಿ. 1816ರ ಮೇ ತಿಂಗಳಲ್ಲಿ ಥಾಮಸ್‌ನನ್ನು ರಸ್ತೆಯ ಒಂದು ತುಂಡಿಗೆ ‘ಸರ್ವೇಯರ್’ ಎಂದು ನೇಮಿಸಿದ ನಮೂದು ಇದೆ. ಪದ ನೋಡಿ ಮೋಸ ಹೋಗಬೇಡಿ, ಅವನು ಭೂಮಾಪಕನಲ್ಲ. ಅಕ್ಕಪಕ್ಕದ ಗಂಡಸರನ್ನು ಕರೆದು, ಕಡ್ಡಾಯ ದುಡಿಮೆಯಲ್ಲಿ ರಸ್ತೆಯನ್ನು ಬಂಡಿ ಹೋಗುವಂತೆ ಇಡಿಸುವವನು. ನಾಲ್ಕು ಜನ ಮಾತು ಕೇಳದವನಿಗೆ ಆ ಕೆಲಸ ಕೊಡುತ್ತಿದ್ದರೇ?

ಮದುವೆಯ ದಾಖಲೆ ಸಾಮಾನ್ಯವಾಗಿ ಹೆಣ್ಣಿನ ಕಡೆಯ ಕೌಂಟಿಯಲ್ಲಿರುತ್ತದೆ. ಥಾಮಸ್ ಮತ್ತು ನ್ಯಾನ್ಸಿ ಹ್ಯಾಂಕ್ಸ್‌ರ ದಾಖಲೆ ಹಾರ್ಡಿನ್‌ನಲ್ಲಿ ಸಿಗದೆ, ಮದುವೆಯೇ ಆಗಿರಲಿಲ್ಲವೆಂಬ ಗಾಳಿಮಾತು ಹಬ್ಬಿತ್ತು. 1878ರಲ್ಲಿ ಅದು ವಾಷಿಂಗ್ಟನ್ ಕೌಂಟಿಯಲ್ಲಿ ಸಿಕ್ಕಿತು: 1806ರ ಜೂನ್ 10ರ ಬಾಂಡ್, 12ರ ಮದುವೆ. ಬಾಂಡ್ ಬರಿಯ ಜಾಮೀನು. ಮದುವೆ ಆಯಿತೆನ್ನಲು ಪಾದ್ರಿ ಸಲ್ಲಿಸಿದ ಪಟ್ಟಿಯೇ ಬೇಕು.

1850ರ ನಂತರದ ರೈತರಾದರೆ ಕೃಷಿ ಗಣತಿಯ ಹಾಳೆಯೂ ಉಂಟು: ಉತ್ತ ಎಕರೆ, ಹಸು, ಹಂದಿ, ಗೋಧಿ ಎಷ್ಟು ಬುಷೆಲ್ (ಧಾನ್ಯದ ಅಳತೆ), ಬೆಣ್ಣೆ ಎಷ್ಟು ಪೌಂಡ್ ತೂಕ. ಆ ವರ್ಷ 100 ಡಾಲರಿಗಿಂತ ಕಡಿಮೆ ಬೆಳೆದವರನ್ನು ಅದರಲ್ಲಿ ಬಿಟ್ಟಿದ್ದಾರೆ, ಹಾಗಾಗಿ ಹೆಸರಿಲ್ಲ ಎಂದರೆ ಜಮೀನಿಲ್ಲ ಎಂದಲ್ಲ. ಗಣತಿಯ ಜೊತೆಗೆ ಮರಣಪಟ್ಟಿಯೂ ಇದೆ, ಆದರೆ ಅದು ಜೂನ್ 1ಕ್ಕೆ ಮುಗಿಯುವ ಒಂದು ವರ್ಷದ ಸಾವುಗಳಿಗೆ ಮಾತ್ರ. ಥಾಮಸ್ ಇಲಿನಾಯ್‌ನ ಕೋಲ್ಸ್ ಕೌಂಟಿಯಲ್ಲಿ ತೀರಿಕೊಂಡದ್ದು 1851ರ ಜನವರಿ 17ರಂದು, ಹಾಗಾಗಿ ಅಲ್ಲಿ ಅವನಿಲ್ಲ.