ಹೊಸ ಮನೆ, ಹೊಸ ವೈಫೈ, ಹಳೇ ಸ್ಟಿಕ್

ನ್ಯೂಜೆರ್ಸಿಗೆ ಬಂದಿಳಿದ ಮೊದಲ ವಾರ ಎಲ್ಲರೂ ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡಿ ಕೇಳುವುದು ಕರಿಬೇವು ಎಲ್ಲಿ ಸಿಗುತ್ತದೆ, ಡ್ರೈವಿಂಗ್ ಲೈಸೆನ್ಸ್‌ಗೆ ಏನೇನು ಕಾಗದ ಬೇಕು ಅಂತ. ಒಂದೆರಡು ತಿಂಗಳು ಕಳೆದ ಮೇಲೆ ಬರುವ ಫೋನೇ ಬೇರೆ. "ಮನೆ ಬದಲಾಯಿಸಿದ್ವಿ, ಟಿವಿ ಬರ್ತಾ ಇಲ್ಲ, ಅತ್ತೆ ಮಾವ ಬೇರೆ ಬಂದಿದ್ದಾರೆ, ಯಾರಾದ್ರೂ ಬಂದು ನೋಡ್ತೀರಾ?" ನಾವು ಹೋಗುತ್ತೇವೆ, ಒಳ್ಳೇ ಕಾಫಿಯೂ ಸಿಗುತ್ತದೆ. ಆದರೆ ಹೋದ ಕಡೆಯೆಲ್ಲ ಹೆಚ್ಚುಕಡಿಮೆ ಒಂದೇ ಕತೆ.

ಕಂಪನಿಯವರು ಮೊದಲ ತಿಂಗಳು ಹೋಟೆಲ್‌ನಲ್ಲೋ ತಾತ್ಕಾಲಿಕ ಅಪಾರ್ಟ್‌ಮೆಂಟ್‌ನಲ್ಲೋ ಇಟ್ಟಿರುತ್ತಾರೆ. ಊರಿಂದ ತಂದ ಸ್ಟಿಕ್ಕನ್ನು (ಟಿವಿಗೆ ಚುಚ್ಚಿ ಇಂಟರ್ನೆಟ್ಟಿನಲ್ಲಿ ಧಾರಾವಾಹಿ, ಸಿನಿಮಾ ನೋಡುವ ಪುಟ್ಟ ಸಾಧನ) ಅಲ್ಲಿನ ವೈಫೈಗೆ ಹೇಗೋ ಸೇರಿಸಿರುತ್ತೀರಿ. ಆಮೇಲೆ ಲೀಸ್ ಮೇಲೆ ಮನೆ ಹಿಡಿಯುತ್ತೀರಿ (ಇಲ್ಲಿ ಲೀಸ್ ಅಂದರೆ ಬರೀ ಬಾಡಿಗೆ ಕರಾರು, ಬೆಂಗಳೂರಿನ ಹಾಗೆ ಲಕ್ಷಗಟ್ಟಲೆ ಕೊಟ್ಟು ಕೂರುವುದಲ್ಲ). ಹೊಸ ಇಂಟರ್ನೆಟ್ ಬಂತು, ಫೋನು ಲ್ಯಾಪ್‌ಟಾಪು ಎಲ್ಲಾ ಓಡುತ್ತಿವೆ, ಸ್ಟಿಕ್ ಒಂದು ಮಾತ್ರ ಇಲ್ಲ. ಅದು ಕೆಟ್ಟಿಲ್ಲ. ಹಳೇ ಮನೆಯ ವೈಫೈ ಹೆಸರನ್ನೇ ಇನ್ನೂ ಹುಡುಕುತ್ತಾ ಕೂತಿದೆ, ಅಷ್ಟೇ. ಹೊಸದು ಕೊಳ್ಳಲು ಓಡಬೇಡಿ.

ಎಲ್ಲಕ್ಕಿಂತ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದು ಓದದಿದ್ದರೂ ಪರವಾಗಿಲ್ಲ. ನಿಮ್ಮ ಮನೆಯ ವೈಫೈಗೆ ಒಂದು ಹೆಸರು, ಒಂದು ಪಾಸ್‌ವರ್ಡ್ ಇಟ್ಟುಕೊಳ್ಳಿ, ಎಷ್ಟು ಮನೆ ಬದಲಾಯಿಸಿದರೂ ಅದನ್ನೇ ಜೊತೆಗೆ ಒಯ್ಯಿರಿ. ಹೊಸ ರೂಟರ್ ಬಂದಾಗ ಅದರ ಮೈಮೇಲೆ ಅಂಟಿಸಿರುವ ಚೀಟಿಯಲ್ಲಿನ ಹೆಸರನ್ನು ಹಾಗೇ ಬಿಡಬೇಡಿ. ಇಂಟರ್ನೆಟ್ ಕಂಪನಿಯ ಆ್ಯಪ್‌ಗೆ ಹೋಗಿ ನಿಮ್ಮ ಹಳೇ ಹೆಸರು, ಹಳೇ ಪಾಸ್‌ವರ್ಡ್ ಅಕ್ಷರ ಅಕ್ಷರ ಹಾಗೇ ಹಾಕಿ. ದೊಡ್ಡಕ್ಷರ ಚಿಕ್ಕಕ್ಷರ ಕೂಡ ಒಂದೇ ಇರಬೇಕು. ಹೀಗೆ ಮಾಡಿದರೆ ಸ್ಟಿಕ್ಕು, ಪ್ರಿಂಟರು, ಮಗುವಿನ ಟ್ಯಾಬು ಎಲ್ಲ ತಾವಾಗಿಯೇ ಸೇರಿಕೊಳ್ಳುತ್ತವೆ, ನೀವು ರಿಮೋಟ್ ಮುಟ್ಟುವುದೇ ಬೇಡ. ಹೋಟೆಲ್‌ನಿಂದ ಬಂದವರಿಗೆ ಇದು ಈ ಸಲ ಆಗುವುದಿಲ್ಲ, ಮುಂದಿನ ಸಲಕ್ಕೆ ನೆನಪಿರಲಿ.

ಮೊದಲು ಕರೆಂಟ್

ಊರಿಂದ ತಂದ ಸ್ಟಿಕ್ಕಿನ ಅಡಾಪ್ಟರ್ ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ 100-240 ಅಂತ ಇದ್ದರೆ ಇಲ್ಲಿನ 120 ವೋಲ್ಟ್‌ಗೆ ನಡೆಯುತ್ತದೆ, ಪಿನ್ ಮಾತ್ರ ಕೂರುವುದಿಲ್ಲ. ಒಂದು ಚಿಕ್ಕ ಪಿನ್ ಕನ್ವರ್ಟರ್ ಸಾಕು. ಅದನ್ನು ತಪ್ಪಿಸಲು ಕೆಲವರು ಟಿವಿ ಹಿಂದಿನ ಯುಎಸ್‌ಬಿ ತೂತಿಗೇ ವೈರ್ ಚುಚ್ಚಿಬಿಡುತ್ತಾರೆ. ಬಹಳ ಟಿವಿಗಳಲ್ಲಿ ಅಲ್ಲಿಂದ ಅರ್ಧ ಆಂಪಿಯರ್ ಮಾತ್ರ ಬರುತ್ತದೆ. ಸ್ಟಿಕ್ಕಿಗೆ ಒಂದು ಆಂಪಿಯರ್ ಆದರೂ ಬೇಕು. ಅದು ಆನ್ ಆಗುತ್ತದೆ, ಸ್ವಲ್ಪ ಹೊತ್ತು ಓಡುತ್ತದೆ, ಮತ್ತೆ ತಾನೇ ರೀಸ್ಟಾರ್ಟ್ ಆಗುತ್ತದೆ, ನೀವು ವೈಫೈನ ಬೈಯುತ್ತಾ ಕೂರುತ್ತೀರಿ. ಗೋಡೆಗೇ ಹಾಕಿ. ಸ್ಟಿಕ್ ಜೊತೆ ಬರುವ ಗೇಣುದ್ದವೂ ಇಲ್ಲದ ಎಚ್‌ಡಿಎಂಐ ತುಂಡನ್ನೂ ಎಸೆಯಬೇಡಿ. ಟಿವಿಯ ಬೆನ್ನಿಗೆ ಅಂಟಿಕೊಂಡು ಕೂತ ಸ್ಟಿಕ್ಕಿಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಆ ತುಂಡು ಅದನ್ನು ಸ್ವಲ್ಪ ಈಚೆಗೆ ತರುತ್ತದೆ.

ಸೇರಿಸುವುದು

ರಿಮೋಟ್ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ನಿಮ್ಮ ಸ್ಟಿಕ್ ಅಮೆಜಾನ್‌ನ ಫೈರ್ ಟಿವಿ ಆದರೆ ಸೆಟ್ಟಿಂಗ್ಸ್, ಅಲ್ಲಿ ನೆಟ್‌ವರ್ಕ್, ಅಲ್ಲಿ ಹೊಸ ಹೆಸರು. ರೋಕು ಆದರೆ ಸೆಟ್ಟಿಂಗ್ಸ್, ನೆಟ್‌ವರ್ಕ್, ಸೆಟಪ್ ಕನೆಕ್ಷನ್, ವೈರ್‌ಲೆಸ್. ರಿಮೋಟ್ ಇಲ್ಲದ ಹಳೇ ಕ್ರೋಮ್‌ಕಾಸ್ಟ್‌ಗೆ ಹಳೇ ವೈಫೈ ಸಿಗದಿದ್ದರೆ ಅದರ ಮೈಮೇಲಿನ ಪುಟ್ಟ ಗುಂಡಿ ಒತ್ತಿ ಹಿಡಿದು ಎಲ್ಲವನ್ನೂ ಅಳಿಸಿ, ಗೂಗಲ್ ಹೋಮ್ ಆ್ಯಪ್‌ನಿಂದ ಮೊದಲಿನಿಂದ ಶುರು ಮಾಡಬೇಕು. ಅದೇ ಸುಲಭದ ದಾರಿ, ತಲೆ ಕೆಡಿಸಿಕೊಳ್ಳಬೇಡಿ.

ಸಿಕ್ಕಿಬೀಳುವುದು ಪಾಸ್‌ವರ್ಡ್ ಹಾಕುವಾಗ. ರೂಟರ್ ಚೀಟಿಯ ಮೇಲೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಸೊನ್ನೆಯೋ ಇಂಗ್ಲಿಷ್ ಓ ಅಕ್ಷರವೋ, ಒಂದೋ ಎಲ್ ಅಕ್ಷರವೋ ಗೊತ್ತಾಗುವುದಿಲ್ಲ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ರಿಮೋಟ್ ಒತ್ತಲಿ. ಒಂದು ಮನೆಯಲ್ಲಿ ಗಂಡ ಓದುತ್ತಿದ್ದರು, ಹೆಂಡತಿ ಒತ್ತುತ್ತಿದ್ದರು. ನಾಲ್ಕು ಸಲ ತಪ್ಪಾಯಿತು. ಐದನೇ ಸಲ ಅವರ ಅಮ್ಮ ಕನ್ನಡಕ ಏರಿಸಿ "ಅದು ಐದಲ್ಲ ಕಣೋ, ಎಸ್ಸು" ಅಂದರು. ಆಗಿಹೋಯಿತು.

ಪಾಸ್‌ವರ್ಡ್ ಸರಿಯಿದ್ದೂ ಸೇರದಿದ್ದರೆ ರೂಟರ್ ಸೆಟ್ಟಿಂಗ್ಸ್ ನೋಡಿ. ಹೊಸ ರೂಟರ್‌ಗಳಲ್ಲಿ ಭದ್ರತೆ ಡಬ್ಲ್ಯುಪಿಎ3 ಮಾತ್ರ ಅಂತ ಇಟ್ಟಿದ್ದರೆ ಹಳೇ ಸ್ಟಿಕ್ಕುಗಳಿಗೆ ಅದು ಅರ್ಥವಾಗುವುದಿಲ್ಲ. ಹಳೇ ಡಬ್ಲ್ಯುಪಿಎ2, ಹೊಸ ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆ ಇರುತ್ತದೆ, ಅದಕ್ಕೆ ಬದಲಾಯಿಸಿ. ಇನ್ನೊಂದು, 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ದಾರಿ ಇರುತ್ತವೆ. 5 ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಮ್ಮಿ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಅಗ್ಗದ ಹಳೇ ಡಬ್ಬಿಗಳಿಗೆ 2.4 ಮಾತ್ರ ಕಾಣುತ್ತದೆ, ಹಾಗಾಗಿ ಅದನ್ನು ಆಫ್ ಮಾಡಬೇಡಿ. ಮೈಕ್ರೊವೇವ್ ಕೂಡ ಸುಮಾರು ಅದೇ 2.4ರ ಹತ್ತಿರವೇ ಕೆಲಸ ಮಾಡುತ್ತದೆ, ಅದಕ್ಕೇ ನೀವು ಸಾರು ಬಿಸಿ ಮಾಡುವಾಗಲೇ ಧಾರಾವಾಹಿ ನಿಂತು ನಿಂತು ಬರುವುದು. ಅತ್ತೆ ಸೊಸೆ ಜಗಳ ಟಿವಿಯಲ್ಲೇ ಇರಲಿ, ರೂಟರನ್ನು ಅಡುಗೆಮನೆಯಿಂದ ದೂರ ಇಡಿ. ಬಟ್ಟೆ ಕ್ಲೋಸೆಟ್ಟಿನೊಳಗಿನ ತಗಡಿನ ಡಬ್ಬಿಯಲ್ಲಂತೂ ಇಡಲೇಬೇಡಿ, ಬಿಲ್ಡಿಂಗಿನವರು ವೈರ್ ಅಲ್ಲಿಗೇ ತಂದಿದ್ದರೂ.

ವೇಗದ ಪ್ಲಾನ್ ಬಗ್ಗೆ ಜಾಸ್ತಿ ದುಡ್ಡು ಸುರಿಯಬೇಡಿ. ನೆಟ್‌ಫ್ಲಿಕ್ಸ್ ಕೇಳುವುದು ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15. ಮೂರು ಕೋಣೆಯಲ್ಲಿ ಮೂರು ಜನ ನೋಡಿದರೂ ಲೆಕ್ಕ ಹಾಕಿ, ಸೇಲ್ಸ್‌ನವರು ಹೇಳುವ ಗಿಗಾಬಿಟ್ (ಅಂದರೆ ಸಾವಿರ ಎಂಬಿಪಿಎಸ್) ಯಾಕೆ ಬೇಕು?

ರಿಮೋಟ್ ಕಳೆದಿದ್ದರೆ

ಇದು ನಮ್ಮ ಮನೆಯಲ್ಲೇ ಆದದ್ದು. ಮನೆ ಬದಲಾಯಿಸುವಾಗ ರಿಮೋಟ್ ಎಲ್ಲೋ ಸೇರಿಕೊಂಡಿತು. ಹದಿನಾಲ್ಕು ಡಬ್ಬಿ ಬಿಚ್ಚಿದರೂ ಸಿಗಲಿಲ್ಲ. ಫೋನಿನಲ್ಲೇ ರಿಮೋಟ್ ಆಗುವ ಆ್ಯಪ್ ಇದೆಯಲ್ಲ ಅಂದುಕೊಂಡೆ. ಇದೆ, ಆದರೆ ಫೋನು ಮತ್ತು ಸ್ಟಿಕ್ ಎರಡೂ ಒಂದೇ ವೈಫೈನಲ್ಲಿರಬೇಕು. ಸ್ಟಿಕ್ ಹೊಸ ವೈಫೈಗೆ ಬರಬೇಕಾದರೆ ರಿಮೋಟ್ ಬೇಕು. ರಿಮೋಟ್ ಆಗಬೇಕಾದರೆ ವೈಫೈ ಬೇಕು. ಹುಚ್ಚು ಬಿಟ್ಟ ಹೊರತು ಮದುವೆ ಆಗಲ್ಲ, ಮದುವೆ ಆದ ಹೊರತು ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ.

ಬಿಡಿಸಿಕೊಂಡದ್ದು ಹೀಗೆ. ಮನೆಯಲ್ಲಿ ಎರಡು ಫೋನ್ ಇದ್ದವು. ಒಂದರಲ್ಲಿ ಹಾಟ್‌ಸ್ಪಾಟ್ ಹಾಕಿ, ಅದಕ್ಕೆ ಹಳೇ ಮನೆಯ ವೈಫೈ ಹೆಸರು, ಹಳೇ ಪಾಸ್‌ವರ್ಡ್ ಇಟ್ಟೆ. ಸ್ಟಿಕ್ ಅದನ್ನೇ ಹಳೇ ಮನೆ ಅಂದುಕೊಂಡು ಸೇರಬೇಕು. ಸೇರಲಿಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ಗೊತ್ತಾಯಿತು, ಹೆಸರಿನಲ್ಲಿ ಒಂದು ಅಪಾಸ್ಟ್ರಫಿ ಇತ್ತು. ರೂಟರಿನಲ್ಲಿ ಅದು ನೆಟ್ಟಗೆ ನಿಂತ ಗೆರೆ, ಐಫೋನ್ ತಾನಾಗಿ ಅದನ್ನು ಬಾಗಿಸಿ ಹಾಕಿತ್ತು. ಆ ಗುರುತನ್ನು ಒತ್ತಿ ಹಿಡಿದು ನೆಟ್ಟಗಿರುವುದನ್ನು ಆರಿಸಿದೆ, ಜೊತೆಗೆ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಅನ್ನುವುದನ್ನು ಆನ್ ಮಾಡಿದೆ (ಅದು ಹಾಟ್‌ಸ್ಪಾಟನ್ನು 2.4ಕ್ಕೆ ತರುತ್ತದೆ). ತಕ್ಷಣ ಸ್ಟಿಕ್ ಸೇರಿತು. ಎರಡನೇ ಫೋನನ್ನೂ ಅದೇ ಹಾಟ್‌ಸ್ಪಾಟ್‌ಗೆ ಸೇರಿಸಿ, ಆ್ಯಪ್ ತೆಗೆದು, ಅದರಿಂದ ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ವೈಫೈ ಆರಿಸಿದೆ. ಆರಿಸಿದ ಕೂಡಲೇ ಆ್ಯಪ್ ಕೈಬಿಡುತ್ತದೆ, ಗಾಬರಿಯಾಗಬೇಡಿ, ಆ ಫೋನನ್ನೂ ಹೊಸ ವೈಫೈಗೆ ತನ್ನಿ. ಐಫೋನಿನಲ್ಲಿ ಹಾಟ್‌ಸ್ಪಾಟ್ ಹೆಸರು ಅಂದರೆ ಫೋನಿನ ಹೆಸರೇ, ಸೆಟ್ಟಿಂಗ್ಸ್‌ನ ಜನರಲ್, ಅಬೌಟ್‌ನಲ್ಲಿ ಬದಲಾಯಿಸಬೇಕು. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಪುಟದಲ್ಲೇ ಇದೆ. ರಿಮೋಟ್ ಮೂರು ವಾರದ ಮೇಲೆ ಕುಕ್ಕರ್ ಒಳಗೆ ಸಿಕ್ಕಿತು.

ಸಿಕ್ಕ ರಿಮೋಟ್ ಕೆಲಸ ಮಾಡದಿದ್ದರೆ ಬ್ಯಾಟರಿ ಬದಲಾಯಿಸಿ, ಫೈರ್ ಟಿವಿಯದ್ದಾದರೆ ಹೋಮ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಮತ್ತೆ ಜೋಡಿಯಾಗುತ್ತದೆ.

ಬಿಲ್ಡಿಂಗಿನ ಪುಕ್ಕಟೆ ವೈಫೈ

ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಬಾಡಿಗೆಯಲ್ಲೇ ಇಂಟರ್ನೆಟ್ ಸೇರಿರುತ್ತದೆ. ಒಳ್ಳೆಯದೇ, ಆದರೆ ಟಿವಿಗೆ ಇದು ತಲೆನೋವು. ಸೇರಿಸಿದ ಮೇಲೆ ಒಂದು ಪುಟ ತೆರೆದು ಮನೆ ನಂಬರು, ಹೆಸರು ಕೇಳುತ್ತದೆ. ಫೋನಿನಲ್ಲಿ ಆ ಪುಟ ಬರುತ್ತದೆ, ಟಿವಿಯಲ್ಲಿ ಎಷ್ಟೋ ಸಲ ಬರುವುದಿಲ್ಲ. ಆಗ ಸ್ಟಿಕ್ "ಕನೆಕ್ಟೆಡ್ ವಿತ್ ಪ್ರಾಬ್ಲಮ್ಸ್" ಅನ್ನುತ್ತದೆ, ಬಂದ ನೆಂಟರು ಬಾಗಿಲಲ್ಲೇ ನಿಂತ ಹಾಗೆ. ಲೀಸಿಂಗ್ ಆಫೀಸಿಗೆ ಹೋಗಿ ಸ್ಟಿಕ್ಕಿನ ಮ್ಯಾಕ್ ಅಡ್ರೆಸ್ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಕೊಟ್ಟು ಸೇರಿಸಿಕೊಳ್ಳಿ ಅಂತ ಕೇಳಿ. ಫೈರ್ ಟಿವಿಯಲ್ಲಿ ಅದು ಮೈ ಫೈರ್ ಟಿವಿ, ಅಬೌಟ್, ನೆಟ್‌ವರ್ಕ್‌ನಲ್ಲಿ ಸಿಗುತ್ತದೆ. ರೋಕುನಲ್ಲಿ ನೆಟ್‌ವರ್ಕ್, ಅಬೌಟ್. ಇಂಥ ವೈಫೈನಲ್ಲಿ ಒಂದು ಮನೆಯ ಎರಡು ಸಾಧನಗಳು ಒಂದನ್ನೊಂದು ನೋಡದ ಹಾಗೆ ತಡೆ ಹಾಕಿರುವುದೂ ಉಂಟು, ಹಾಗಾಗಿ ಫೋನಿನಲ್ಲಿರುವುದನ್ನು ಟಿವಿಗೆ ಕಳಿಸಲು (ಕಾಸ್ಟ್ ಮಾಡಲು) ಆಗದಿದ್ದರೆ ನಿಮ್ಮ ತಪ್ಪಲ್ಲ. ನಿಮ್ಮದೇ ರೂಟರಿನ ಗೆಸ್ಟ್ ವೈಫೈಗೆ ಸ್ಟಿಕ್ ಸೇರಿಸಿದರೂ ಇದೇ ತೊಂದರೆ.

ಎಲ್ಲ ಸರಿಹೋದ ಮೇಲೆ ಹೊಸ ವೈಫೈ ಹೆಸರು, ಪಾಸ್‌ವರ್ಡ್ ದೊಡ್ಡದಾಗಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಊರಲ್ಲಿ ಸಂಜೆ 7ಕ್ಕೆ ಬರುವ ಧಾರಾವಾಹಿ ಇಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 9:30ಕ್ಕೆ, ಚಳಿಗಾಲದಲ್ಲಿ ಗಡಿಯಾರ ಹಿಂದಿಟ್ಟ ಮೇಲೆ 8:30ಕ್ಕೆ. ಅಂದರೆ ನೀವು ಆಫೀಸಿನ ಮೊದಲ ಮೀಟಿಂಗ್‌ನಲ್ಲಿ ಇರುವಾಗಲೇ ಟಿವಿ ಕೈಕೊಡುವುದು. ಮನೆಯಲ್ಲಿರುವ ಹಿರಿಯರಿಗೆ ಒಂದು ಕೆಲಸ ಕಲಿಸಿ: ರೂಟರಿನ ವೈರ್ ಕಿತ್ತು, ಮೂವತ್ತು ಎಣಿಸಿ, ಮತ್ತೆ ಚುಚ್ಚಿ, ಕಾಫಿ ಮಾಡಿಕೊಂಡು ಬರುವುದು. ಅಷ್ಟರಲ್ಲಿ ರೂಟರಿನ ದೀಪ ಮಿನುಗುವುದು ನಿಂತಿರುತ್ತದೆ, ಹೆಚ್ಚಿನ ಸಲ ಟಿವಿಯೂ ಬಂದಿರುತ್ತದೆ.

ಇಷ್ಟಾದರೂ ಆಗದಿದ್ದರೆ ಮಕ್ಕಳನ್ನು ಕನ್ನಡ ಕಲಿ ತರಗತಿಗೆ ಬಿಡಲು ಬರುವಾಗ ಸ್ಟಿಕ್ ತನ್ನಿ, ಅಲ್ಲೇ ಕೂತು ನೋಡೋಣ. ರಿಮೋಟ್, ಅಡಾಪ್ಟರ್, ಹಳೇ ವೈಫೈ ಹೆಸರು ಬರೆದ ಚೀಟಿ ಮೂರೂ ಜೊತೆಗಿರಲಿ. ಬರೀ ಸ್ಟಿಕ್ ತಂದವರನ್ನು ಎಷ್ಟೋ ಸಲ ವಾಪಸ್ ಕಳಿಸಿದ್ದೇವೆ.