ಇಂಗ್ಲಿಷ್ ನುಡಿಗಟ್ಟಿಗೆ ಕನ್ನಡದ ಜೋಡಿ ಹುಡುಕಿ
ಇಂಗ್ಲಿಷ್ ನುಡಿಗಟ್ಟು ಕಲಿಯುವಾಗ ಪಕ್ಕದಲ್ಲಿ ಅರ್ಥ ಬರೆಯಬೇಡಿ, ಅದೇ ಸಂದರ್ಭಕ್ಕೆ ನಾವಾಡುವ ಮಾತು ಬರೆಯಿರಿ. ‘ಒನ್ಸ್ ಇನ್ ಎ ಬ್ಲೂ ಮೂನ್’ ಎದುರು ‘ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ’, ‘ಪೀಸ್ ಆಫ್ ಕೇಕ್’ ಎದುರು ‘ನೀರು ಕುಡಿದಷ್ಟು ಸುಲಭ’. ನುಡಿಗಟ್ಟಿನ ಅರ್ಥ ಬಿಡಿ ಪದಗಳಲ್ಲಿಲ್ಲ, ಇಡೀ ಮಾತಿನಲ್ಲಿದೆ. ಜೋಡಿಯಿದ್ದರೆ ಬಾಯಿಗೆ ತಾನಾಗಿ ಬರುತ್ತದೆ. ಹದವೂ ಹೊಂದಬೇಕು: ‘ಕಿಕ್ ದ ಬಕೆಟ್’ ಅಂದರೆ ‘ಗೊಟಕ್ ಅಂದ’, ‘ಶಿವನ ಪಾದ ಸೇರಿದರು’ ಅಲ್ಲ, ಸಾವಿನ ಮನೆಯಲ್ಲಿ ಆಡೀರಿ ಜೋಕೆ! ಈ ಉಪಾಯ ಕೈಕೊಡುವುದು ಪದಗಳು ಒಂದೇ ಆಗಿ ಅರ್ಥ ಬೇರೆಯಾದಾಗ. ‘ಗೇವ್ ಮಿ ಎ ಹ್ಯಾಂಡ್’ ಅಂದರೆ ನೆರವಾದ. ನಮ್ಮ ‘ಕೈ ಕೊಟ್ಟ’ ಪೂರ್ತಿ ಉಲ್ಟಾ. ಇಂಗ್ಲಿಷ್ ನುಡಿಗಟ್ಟಿನ ಪದಗಳನ್ನೂ ಬದಲಿಸಬೇಡಿ: ಕ್ರಿಯಾಪದದ ಕಾಲ ಬದಲಾಗಬಹುದು, ‘ಬಕೆಟ್’ ಹೋಗಿ ಅದೇ ಅರ್ಥದ ‘ಪೇಲ್’ ಆದರೆ ನಿಜವಾಗಿಯೂ ಒದ್ದ ಹಾಗೇ.